ಕಾಂಗ್ಸ್‌ಫಿಯೋರ್ಡೆನ್: ಒಂದು ಫಿಯೋರ್ಡನ್ನು ಓದುವುದು ಹೇಗೆ

ಕಾಂಗ್ಸ್‌ಫಿಯೋರ್ಡೆನ್‌ನಲ್ಲಿ ಒಂದು ಬೇಸಿಗೆ ನಾನು ಆರು ವಾರ ಇದ್ದೆ. ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ಫಿಯೋರ್ಡ್ ಅದು. ಫಿಯೋರ್ಡ್ ಅಂದರೆ ಹಿಮನದಿ ಕೊರೆದ ಕಣಿವೆಯೊಳಗೆ ಸಮುದ್ರ ನುಗ್ಗಿ ಆದ ಉದ್ದನೆಯ ಕೊಲ್ಲಿ. ಸಮುದ್ರದ ನೀರು ಎಷ್ಟು ಬೆಚ್ಚಗಿದೆ, ಎಷ್ಟು ಉಪ್ಪಾಗಿದೆ ಅಂತ ಅಳೆಯುವ ತಂಡ ನಮ್ಮದು. ಅದರಲ್ಲಿ ಉಪಕರಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಮಾತು: "ಅಲ್ಲಿ ಐಸ್ ಬಿಟ್ರೆ ನೋಡೋಕೆ ಏನಿದೆ?"

ಬೇಕಾದಷ್ಟಿದೆ. ಆದರೆ ಎಲ್ಲಿಂದ ನೋಡಲು ಶುರು ಮಾಡಬೇಕು ಅನ್ನೋದು ಗೊತ್ತಿರಬೇಕು. ಮೊದಲ ವಾರ ನನಗೆ ಕಂಡದ್ದು ಬಿಳಿ, ಬೂದಿ, ಕಂದು, ಅಷ್ಟೇ. ಆರನೇ ವಾರದ ಹೊತ್ತಿಗೆ ಒಂದು ಬೆಟ್ಟದ ಬಣ್ಣಕ್ಕೂ ನೀರಿನ ಬಣ್ಣಕ್ಕೂ, ನೀರಿನ ಬಿಸಿಗೂ ದಡದ ಮೇಲಿನ ಹಳೇ ರೈಲಿಗೂ ಏನು ಸಂಬಂಧ ಅಂತ ಹೇಳುವಷ್ಟು ತಿಳಿದಿತ್ತು. ನಾನು ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೋಗುವವರಿಗೆ ಇದು ಖಂಡಿತ ಉಪಯೋಗಕ್ಕೆ ಬರುತ್ತದೆ. ಹೋಗದವರು ನಕ್ಷೆ ತೆರೆದಿಟ್ಟುಕೊಂಡು ಓದಿ, ಮುಕ್ಕಾಲು ಭಾಗ ಕೂತಲ್ಲೇ ಕಾಣಿಸುತ್ತದೆ.

ನಕ್ಷೆ ಮತ್ತು ಹೆಸರುಗಳು

ನಾರ್ವೆಯ ಧ್ರುವ ಸಂಶೋಧನಾ ಸಂಸ್ಥೆ ಟೊಪೊಸ್ವಾಲ್‌ಬಾರ್ಡ್ ಅನ್ನುವ ನಕ್ಷೆಯನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ. ಅದನ್ನು ತೆರೆಯಿರಿ. ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸ್ಪಿಟ್ಸ್‌ಬರ್ಗನ್. ಅದರ ಪಶ್ಚಿಮ ಕರಾವಳಿಯಲ್ಲಿ, 79 ಡಿಗ್ರಿ ಉತ್ತರ ಅಕ್ಷಾಂಶದ ಪಕ್ಕದಲ್ಲೇ, ಭೂಮಿಯನ್ನು ಸೀಳಿಕೊಂಡು ಆಗ್ನೇಯಕ್ಕೆ ಹೋಗುವ ನೀರು ಕಾಣುತ್ತದೆ. ಅದೇ ಕಾಂಗ್ಸ್‌ಫಿಯೋರ್ಡೆನ್. ಉದ್ದ 20 ಕಿ.ಮೀ.ಗೂ ಜಾಸ್ತಿ, ಅಗಲ 4ರಿಂದ 10 ಕಿ.ಮೀ. ಉತ್ತರ ಧ್ರುವ ಅಲ್ಲಿಂದ ಸುಮಾರು 1,230 ಕಿ.ಮೀ.

ನಾರ್ವೇಜಿಯನ್ ಭಾಷೆಯ ಆರೇಳು ಪದ ಕಲಿತುಬಿಡಿ. ಇಡೀ ನಕ್ಷೆ ಸಲೀಸಾಗುತ್ತದೆ. ಹೆಸರಿನ ಕೊನೆಗೆ 'ಬ್ರೀನ್' ಇದ್ದರೆ ಅದು ಹಿಮನದಿ. 'ಫ್ಯೆಲ್ಲೆಟ್' ಅಂದರೆ ಬೆಟ್ಟ, 'ಎಲ್ವಾ' ಅಂದರೆ ಹೊಳೆ, 'ಹಾಮ್ನಾ' ಅಂದರೆ ಹಡಗು ನಿಲ್ಲುವ ಜಾಗ, 'ಓಯಾ' ಅಂದರೆ ದ್ವೀಪ. 'ಹಾಲ್ವೋಯಾ' ಅಂದರೆ ಅರ್ಧ ದ್ವೀಪ, ಅಂದರೆ ಪರ್ಯಾಯ ದ್ವೀಪ. ಈ ಕೊನೇ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 'ಕಾಂಗ್ಸ್‌ಫಿಯೋರ್ಡೆನ್' ಅಂದರೆ ರಾಜನ ಫಿಯೋರ್ಡ್. 'ಕ್ರೋನೆಬ್ರೀನ್' ಕಿರೀಟದ ಹಿಮನದಿ. ಅದರ ಪಕ್ಕದ 'ಕಾಂಗ್ಸ್‌ವೇಗೆನ್' ರಾಜಮಾರ್ಗ.

ಯಾರ ಹೆಸರು ಎಲ್ಲಿದೆ ಅಂತ ನೋಡಿದರೆ ಇತಿಹಾಸದ ಅರ್ಧ ಅಲ್ಲೇ ಸಿಗುತ್ತದೆ. ಈ ಭೂಮಿಯನ್ನು 1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್‌ನ ತಂಡ ಕಂಡಿತು. 1610ರಲ್ಲಿ ಬಂದವನು ಜೋನಸ್ ಪೂಲ್, ಇಂಗ್ಲಿಷ್ ನಾವಿಕ. ಇಲ್ಲಿ ಹಿಮಸಾರಂಗಗಳನ್ನು ನೋಡಿ ಅವನು ಇದಕ್ಕೆ ಸಾರಂಗದ ಹೆಸರನ್ನೇ ಇಟ್ಟ, 'ಡಿಯರ್ ಸೌಂಡ್' ಅಂತ. ಪಕ್ಕದ ಫಿಯೋರ್ಡಿನ ದಡದಲ್ಲಿ ಒಂದು ಶಿಲುಬೆ ನೆಟ್ಟ. ಅದು ಇವತ್ತಿಗೂ ಕ್ರಾಸ್‌ಫಿಯೋರ್ಡೆನ್, ಶಿಲುಬೆಯ ಫಿಯೋರ್ಡ್. ಆಮೇಲಿನ ಹೆಸರುಗಳು ವಿಜ್ಞಾನಿಗಳವು. ಒಳಗಿನ ಪುಟ್ಟ ಲೋವೆನ್ ದ್ವೀಪಗಳಿಗೆ 1837ರಲ್ಲಿ ಬಂದ ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ಸ್ವೆನ್ ಲೋವೆನ್ ಹೆಸರು. ಬ್ಲೋಮ್‌ಸ್ಟ್ರಾಂಡ್ ಅಂತ ಕಂಡಲ್ಲಿ 1861ರಲ್ಲಿ ಬಂದ ಸ್ವೀಡಿಶ್ ರಸಾಯನಶಾಸ್ತ್ರಜ್ಞನ ಹೆಸರು.

ಒಳಗಿನಿಂದ ಹೊರಕ್ಕೆ ಓದಿ

ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಹಡಗು ಬರುವ ದಾರಿಯಲ್ಲೇ, ಅಂದರೆ ಸಮುದ್ರದ ಕಡೆಯಿಂದ ಒಳಕ್ಕೆ ನೋಡುತ್ತಾ ಬಂದೆ. ಹಾಗೆ ಮಾಡಬೇಡಿ. ಫಿಯೋರ್ಡನ್ನು ಕೊರೆದದ್ದು ಮಂಜುಗಡ್ಡೆ. ಆ ಮಂಜು ಹರಿದದ್ದು ಒಳಗಿನಿಂದ ಹೊರಕ್ಕೆ. ಓದುವುದೂ ಅದೇ ದಿಕ್ಕಿನಲ್ಲಿ ಸುಲಭ.

ಒಳತುದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೂರು ಬೆಟ್ಟ: ಸ್ವೇಯಾ, ನೋರಾ, ದಾನಾ. ಒಟ್ಟಾಗಿ ಟ್ರೆ ಕ್ರೋನರ್, ಮೂರು ಕಿರೀಟ. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳ ಲೆಕ್ಕದಲ್ಲಿ ಇಟ್ಟ ಹೆಸರು. ಸ್ವೇಯಾ, ನೋರಾ ಎರಡೂ 1,225 ಮೀಟರ್ ಆಸುಪಾಸು, ದಾನಾ ಸ್ವಲ್ಪ ಗಿಡ್ಡ. ಮಂಜಿನ ಬಯಲಿನ ಮಧ್ಯೆ ಕಟ್ಟಿ ನಿಲ್ಲಿಸಿದ ಹಾಗೆ ಕಾಣುತ್ತವೆ. ಬೈನಾಕ್ಯುಲರ್ ಇದ್ದರೆ ಪದರಗಳನ್ನು ನೋಡಿ. ಮೇಲೆ ಮಾಸಲು ಹಳದಿ ಸುಣ್ಣದಕಲ್ಲು, ಅಡ್ಡಡ್ಡ ಗೆರೆ. ಬುಡದಲ್ಲಿ ಕೆಂಪು ಮರಳುಗಲ್ಲು. ಈ ಕೆಂಪನ್ನು ಚೆನ್ನಾಗಿ ನೋಡಿಟ್ಟುಕೊಂಡು ಈಗ ಕೆಳಗೆ ನೀರಿನ ಕಡೆ ತಿರುಗಿ.

ಕ್ರೋನೆಬ್ರೀನ್ ಸಮುದ್ರಕ್ಕೆ ಮುಟ್ಟುವಲ್ಲಿ ನೀರು ನೀಲಿ ಅಲ್ಲ, ಕೆಂಗಂದು. ಮೊದಲ ಸಲ ನೋಡಿದಾಗ ಯಾವುದೋ ಹೊಳೆ ಮಣ್ಣು ತಂದಿರಬೇಕು ಅಂದುಕೊಂಡೆ. ಅಲ್ಲಿ ಮೇಲೆ ಹೊಳೆಯೇ ಇಲ್ಲ. ಹೊಳೆ ಇರುವುದು ಹಿಮನದಿಯ ಅಡಿಯಲ್ಲಿ. ಬೇಸಿಗೆಯಲ್ಲಿ ಕರಗಿದ ನೀರು ಬಿರುಕುಗಳಲ್ಲಿ ಇಳಿದು, ಮಂಜಿನ ತಳದಲ್ಲಿ ಹರಿದು, ಸಮುದ್ರದೊಳಗೆ ಆಳದಲ್ಲೇ ಹೊರಬೀಳುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ಸರ್ರನೆ ಮೇಲಕ್ಕೇಳುತ್ತದೆ. ಬರುವಾಗ ಅರೆದ ಕೆಂಪುಕಲ್ಲಿನ ಹಿಟ್ಟನ್ನೂ ತರುತ್ತದೆ. ಮಂಜಿನ ಕೆಳಗೆ ನಾವು ಯಾರೂ ನೋಡದ ನೆಲ ಯಾವ ಕಲ್ಲಿನದ್ದು ಅಂತ ನೀರಿನ ಬಣ್ಣವೇ ತಿಳಿಸುತ್ತದೆ.

ಆ ನೀರು ಮೇಲೆ ಬರುವ ಜಾಗವನ್ನು ಗುರುತಿಸಲು ನಕ್ಷೆ ಬೇಡ, ಹಕ್ಕಿಗಳನ್ನು ನೋಡಿದರೆ ಸಾಕು. ಕಿಟ್ಟಿವೇಕ್ ಅನ್ನುವ ಕಡಲಹಕ್ಕಿಗಳು ಅಲ್ಲೇ ನೂರಾರು ಮುತ್ತಿಕೊಂಡು ಕಿರುಚುತ್ತಿರುತ್ತವೆ. ಏಳುವ ನೀರು ಆಳದ ಸಣ್ಣ ಸಣ್ಣ ಜೀವಿಗಳನ್ನೂ ಎತ್ತಿ ತರುತ್ತದಲ್ವಾ, ಅದು ಅವಕ್ಕೆ ಊಟ. ಹಕ್ಕಿಗಳ ಗುಂಪು ಜಾಗ ಬದಲಿಸಿದರೆ ಮಂಜಿನಡಿಯ ಹೊಳೆಯ ಬಾಯಿಯೂ ಸರಿದಿರಬಹುದು.

ಇಲ್ಲಿ ಎರಡು ಎಚ್ಚರಿಕೆ. ಒಂದು, ದೂರವನ್ನು ಕಣ್ಣಿನಿಂದ ಅಂದಾಜು ಮಾಡಬೇಡಿ. ಮರ ಇಲ್ಲ, ಮನೆ ಇಲ್ಲ, ಧೂಳಿಲ್ಲ. ದಡದಿಂದ ನೋಡಿ ಹಿಮನದಿಯ ಮುಂಗೋಡೆ ಮೂರು ಕಿ.ಮೀ. ಇರಬೇಕು ಅಂದುಕೊಂಡಿದ್ದೆ. ನಕ್ಷೆಯಲ್ಲಿ ಅಳೆದರೆ ಹದಿನಾಲ್ಕರ ಹತ್ತಿರ. ಇನ್ನೊಂದು, ಗೋಡೆಗೆ ಹತ್ತಿರ ಹೋಗಬೇಡಿ. ನಾವು ಯಾವತ್ತೂ 200 ಮೀಟರ್‌ಗಿಂತ ಹತ್ತಿರ ದೋಣಿ ಒಯ್ಯಲಿಲ್ಲ. ಕ್ರೋನೆಬ್ರೀನ್ ಸ್ವಾಲ್‌ಬಾರ್ಡ್‌ನಲ್ಲೇ ಬಹಳ ವೇಗವಾಗಿ ಹರಿಯುವ ಹಿಮನದಿಗಳಲ್ಲಿ ಒಂದು. ಬೇಸಿಗೆಯಲ್ಲಿ ಅದರ ಮುಂಭಾಗ ದಿನಕ್ಕೆ ಎರಡು ಮೀಟರ್‌ಗೂ ಜಾಸ್ತಿ ಸರಿಯುತ್ತದೆ. ಸರಿದದ್ದು ಒಡೆದು ಬೀಳುತ್ತಲೇ ಇರುತ್ತದೆ. ಮೊದಲು ಬಿಳಿ ಪುಡಿ ಉದುರುವುದು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ, ಅಲೆ ಅದಕ್ಕೂ ಆಮೇಲೆ.

ದೋಣಿಯ ಇಂಜಿನ್ ಆಫ್ ಮಾಡಿ ಐದು ನಿಮಿಷ ಸುಮ್ನೆ ಕೂರಿ. ಸುತ್ತ ತೇಲುವ ಮಂಜಿನ ತುಂಡುಗಳೆಲ್ಲ ಚಟಪಟ ಅನ್ನುತ್ತವೆ. ಕೈಯಳತೆಯಲ್ಲಿ ತೇಲುತ್ತಿದ್ದ ಒಂದು ತುಂಡನ್ನು ನಾನು ಕಿವಿಯ ಹತ್ತಿರ ಹಿಡಿದೆ. ಒಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಹಿಮ ಬಿದ್ದ ಕಾಲದ ಗಾಳಿ ಒತ್ತಡದಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಮಂಜು ಕರಗಿ ಗುಳ್ಳೆಯ ಗೋಡೆ ತೆಳ್ಳಗಾದಾಗ ಟಪ್ ಅಂತ ಒಡೆಯುತ್ತದೆ. ಬೆರಳು ಮರಗಟ್ಟುವ ತನಕ ಹಿಡಿದುಕೊಂಡೇ ಇದ್ದೆ.

ಹೊಸ್ತಿಲು ಹುಡುಕಿ

ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಯಾವುದೇ ಫಿಯೋರ್ಡ್ ಇರಲಿ, ಅದಕ್ಕೆ ಹೊಸ್ತಿಲು ಇದೆಯಾ ಅಂತ ಮೊದಲು ಕೇಳಿ.

ಹಿಮನದಿ ಒಳಗೆ ಆಳವಾಗಿ ಕೊರೆಯುತ್ತದೆ. ಬಾಯಿಯ ಹತ್ತಿರ ಅದರ ಬಲ ಕಡಿಮೆ. ಜೊತೆಗೆ ತಂದ ಕಲ್ಲುಮಣ್ಣನ್ನೂ ಅಲ್ಲೇ ಸುರಿಯುತ್ತದೆ. ಹಾಗಾಗಿ ಬಹಳಷ್ಟು ಫಿಯೋರ್ಡುಗಳ ಬಾಯಲ್ಲಿ ನೀರಿನಡಿ ಒಂದು ದಿಬ್ಬ ಉಳಿಯುತ್ತದೆ. ಅದೇ ಹೊಸ್ತಿಲು. ಹೊರಗಿನ ಆಳದ ನೀರು ಅದನ್ನು ದಾಟಿ ಒಳಗೆ ಬರುವುದು ಕಷ್ಟ.

ಕಾಂಗ್ಸ್‌ಫಿಯೋರ್ಡೆನ್‌ನ ಬಾಯಲ್ಲಿ ಅಂಥ ಹೊಸ್ತಿಲು ಇಲ್ಲ. ಸಮುದ್ರದ ಆಳ ತೋರಿಸುವ ನಕ್ಷೆ ನೋಡಿ. ಕಾಂಗ್ಸ್‌ಫಿಯೋರ್ಡೆನ್, ಕ್ರಾಸ್‌ಫಿಯೋರ್ಡೆನ್ ಎರಡೂ ಸೇರುವಲ್ಲಿಂದ ಒಂದು ಆಳವಾದ ಕಾಲುವೆ ನೇರ ಹೊರಗಿನ ಕಡಲಿಗೆ ಹೋಗಿದೆ. ಹಳೇ ಹಿಮನದಿಗಳು ಕೊರೆದದ್ದೇ ಅದು. ಹೊರಭಾಗದಲ್ಲಿ ಆಳ 300 ಮೀಟರ್ ದಾಟುತ್ತದೆ. ಒಳಗೆ ಲೋವೆನ್ ದ್ವೀಪಗಳ ಆಚೆ 100 ಮೀಟರ್ ಕೂಡ ಇಲ್ಲ. ಅಲ್ಲಿ ದ್ವೀಪಗಳ ನಡುವೆ ಒಂದು ಅಡ್ಡ ದಿಬ್ಬ ಇದೆ. ಒಟ್ಟಿನಲ್ಲಿ ಹೊರಬಾಗಿಲಿಗೆ ಹೊಸ್ತಿಲಿಲ್ಲ, ಒಳಕೋಣೆಗೆ ಮಾತ್ರ ಇದೆ.

ಹೊರಗೆ ಹರಿಯುತ್ತಿರುವುದು ಪಶ್ಚಿಮ ಸ್ಪಿಟ್ಸ್‌ಬರ್ಗನ್ ಪ್ರವಾಹ. ಅಟ್ಲಾಂಟಿಕ್‌ನ ಬೆಚ್ಚಗಿನ ಉಪ್ಪುನೀರನ್ನು ಉತ್ತರಕ್ಕೆ ಒಯ್ಯುವ ಕಡಲಹೊಳೆ ಅದು. ಅಡ್ಡಿ ಇಲ್ಲದ್ದರಿಂದ ಆ ನೀರು ಫಿಯೋರ್ಡಿನೊಳಗೂ ಬರುತ್ತದೆ.

ಇದನ್ನು ನಾನು ಓದಿ ತಿಳಿದದ್ದಲ್ಲ, ಪರದೆಯ ಮೇಲೆ ನೋಡಿದ್ದು. ನಮ್ಮ ಉಪಕರಣದ ಹೆಸರು ಸಿಟಿಡಿ. ಮೊಣಕಾಲೆತ್ತರದ ಲೋಹದ ಕೊಳವೆ. ಉಪ್ಪು, ಉಷ್ಣತೆ, ಆಳ ಮೂರನ್ನೂ ಅಳೆಯುತ್ತದೆ. ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸಬೇಕು. ಮೇಲಿನ ಕೆಂಗಂದು ನೀರು 2 ಡಿಗ್ರಿ. ಕೆಳಗೆ ಹೋದಂತೆ ಇನ್ನೂ ತಣ್ಣಗಾಗುತ್ತದೆ ಅಂತಲೇ ನಾನು ಕಾಯುತ್ತಿದ್ದೆ. ಐವತ್ತು ಮೀಟರ್ ಇಳಿಯುವ ಹೊತ್ತಿಗೆ 4 ಡಿಗ್ರಿ ದಾಟಿತು. ಸೆನ್ಸರ್ ಕೆಟ್ಟಿದೆ ಅಂದುಕೊಂಡು ಎತ್ತಿ, ತೊಳೆದು, ಮತ್ತೆ ಇಳಿಸಿದೆ. ಮತ್ತೆ ಅದೇ. ನಮ್ಮ ತಂಡದ ಹಿರಿಯರು ಸಮಾಧಾನವಾಗಿ ಹೇಳಿದರು: "ಅದು ಸರಿಯಾಗೇ ಇದೆ. ಉಪ್ಪು ನೋಡಿ." ಉಪ್ಪೂ ಏರಿತ್ತು. ಬೆಚ್ಚಗಿದ್ದರೂ ಉಪ್ಪು ಜಾಸ್ತಿ ಇರುವ ನೀರು ಭಾರ, ಅದಕ್ಕೇ ಕೆಳಗೆ ಉಳಿಯುತ್ತದೆ. ಅಟ್ಲಾಂಟಿಕ್ ನಮ್ಮ ದೋಣಿಯ ಕೆಳಗೇ ಇತ್ತು. ಎದುರಿಗೆ ಮಂಜಿನ ಗೋಡೆ.

2006ರವರೆಗೆ ಈ ಫಿಯೋರ್ಡ್ ಹೆಚ್ಚಿನ ಚಳಿಗಾಲಗಳಲ್ಲಿ ದೂರದವರೆಗೆ ಹೆಪ್ಪುಗಟ್ಟುತ್ತಿತ್ತು. ಆ ಚಳಿಗಾಲದಲ್ಲಿ ಬೆಚ್ಚಗಿನ ನೀರು ಜೋರಾಗಿ ಒಳನುಗ್ಗಿತು. ಆಮೇಲೆ ಹೆಪ್ಪುಗಟ್ಟುವುದು ಹೆಚ್ಚಾಗಿ ಒಳಭಾಗದಲ್ಲಿ ಮಾತ್ರ. ಭಾರತದ ಇಂಡ್‌ಆರ್ಕ್ ಅನ್ನುವ ಉಪಕರಣಗಳ ಸರವನ್ನು 2014ರ ಜುಲೈನಲ್ಲಿ ಇಲ್ಲೇ 192 ಮೀಟರ್ ಆಳದಲ್ಲಿ ಲಂಗರು ಹಾಕಿದರು. ಹೊರಗಿನ ನೀರು ಯಾವಾಗ, ಎಷ್ಟು ಬರುತ್ತದೆ ಅಂತ ವರ್ಷವಿಡೀ ಬರೆದಿಟ್ಟುಕೊಳ್ಳುವುದೇ ಅದರ ಮುಖ್ಯ ಕೆಲಸ.

ಈಗ ದಡಕ್ಕೆ ಬನ್ನಿ

ಫಿಯೋರ್ಡಿನ ದಕ್ಷಿಣ ದಡದಲ್ಲಿ ನ್ಯೂ-ಓಲೆಸುಂಡ್ ಇದೆ. ಚಳಿಗಾಲದಲ್ಲಿ ಮೂವತ್ತು-ನಲವತ್ತು ಜನ, ಬೇಸಿಗೆಯಲ್ಲಿ ನೂರು ದಾಟುತ್ತಾರೆ. ಇಷ್ಟು ಉತ್ತರದಲ್ಲಿ ವರ್ಷಪೂರ್ತಿ ಜನ ಇರುವ ಊರುಗಳು ಬಹಳ ಕಡಿಮೆ. ಇಲ್ಲಿ ಮಾತ್ರ ಯಾಕೆ? ಬೆಚ್ಚಗಿನ ನೀರು ಹಡಗಿಗೆ ದಾರಿ ಬಿಟ್ಟುಕೊಟ್ಟಿತು, ದಡದಲ್ಲಿ ಕಲ್ಲಿದ್ದಲು ಇತ್ತು. ಎರಡೂ ಒಂದೇ ಕಡೆ ಸಿಕ್ಕಿದ್ದೇ ಕಾರಣ. ಇಲ್ಲಿ ಕಲ್ಲಿದ್ದಲು ಇದೆ ಅಂತ ಜೋನಸ್ ಪೂಲ್ 1610ರಲ್ಲೇ ಬರೆದಿದ್ದ. ಸುಮಾರು 6 ಕೋಟಿ ವರ್ಷ ಹಿಂದಿನ ಕಾಡು ಅದು.

ಊರಿನಲ್ಲಿ ನಾಲ್ಕು ವಸ್ತುಗಳನ್ನು ಹುಡುಕಿ. ಮೊದಲನೆಯದು ಪುಟ್ಟ ಉಗಿಬಂಡಿ, ಹಿಂದೆ ಗಣಿಯ ಡಬ್ಬಿಗಳು. ನಾರ್ವೆಯ ಓಲೆಸುಂಡ್ ಊರಿನವರು 1916ರಲ್ಲಿ ಕಿಂಗ್ಸ್ ಬೇ ಕಂಪನಿ ಕಟ್ಟಿದರು. ಮರುವರ್ಷ ಗಣಿ ಶುರುವಾಯಿತು. ತಮ್ಮೂರಿನ ಹೆಸರಿಗೇ 'ಹೊಸ' ಸೇರಿಸಿದರು, ಅದೇ ನ್ಯೂ-ಓಲೆಸುಂಡ್. ಗಣಿ 1929ರಲ್ಲಿ ನಿಂತಿತು, 1945ರಲ್ಲಿ ಮತ್ತೆ ತೆರೆಯಿತು.

ಎರಡನೆಯದು ಗಣಿಯಲ್ಲಿ ಸತ್ತವರ ನೆನಪಿನ ಕಲ್ಲು. 1962ರ ನವೆಂಬರ್ 5ರಂದು ಸ್ಫೋಟವಾಗಿ 21 ಜನ ಸತ್ತರು. ಕೆಲವರ ದೇಹ ಇನ್ನೂ ಒಳಗೇ ಇದೆ. ಗಣಿ ಶಾಶ್ವತವಾಗಿ ಮುಚ್ಚಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಗಣಿ ಸರ್ಕಾರದ್ದು, ಸುರಕ್ಷತೆಯ ಹೊಣೆ ಯಾರದ್ದು ಅಂತ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. 1963ರ ಆಗಸ್ಟ್‌ನಲ್ಲಿ ಪ್ರಧಾನಿ ಐನಾರ್ ಗೆರ್ಹಾರ್ಡ್‌ಸನ್ ಅವರ ಸರ್ಕಾರವೇ ಬಿದ್ದುಹೋಯಿತು. ದಯವಿಟ್ಟು ಆ ಕಲ್ಲಿನ ಮುಂದೆ ಫೋಟೋ ತೆಗೆಸಿಕೊಳ್ಳಲು ಆತುರ ಪಡಬೇಡಿ. ಸ್ವಲ್ಪ ಹೊತ್ತು ನಿಲ್ಲಿ.

ಮೂರನೆಯದು ಊರಿನ ಅಂಚಿನ ಕಬ್ಬಿಣದ ಕಂಬ, ಸುಮಾರು 35 ಮೀಟರ್ ಎತ್ತರ. ವಾಯುನೌಕೆ, ಅಂದರೆ ಹಗುರವಾದ ಅನಿಲ ತುಂಬಿ ಹಾರಿಸುವ ದೊಡ್ಡ ಬಲೂನಿನಂಥ ನೌಕೆ, ಕಟ್ಟಿಹಾಕಲು ನಿಲ್ಲಿಸಿದ್ದು. ನನಗೆ ಇಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದೇ. ಗಣಿಯವರ ಮನೆ, ಜೆಟ್ಟಿ, ರೈಲು ಇದ್ದದ್ದರಿಂದಲೇ ಧ್ರುವಕ್ಕೆ ಹಾರುವವರು ಈ ಊರನ್ನು ಆರಿಸಿಕೊಂಡರು. 1925ರ ಮೇ 21ರಂದು ನಾರ್ವೆಯ ಅನ್ವೇಷಕ ರೋಆಲ್ಡ್ ಅಮುಂಡ್ಸೆನ್ ಎರಡು ವಿಮಾನಗಳಲ್ಲಿ ಹೊರಟು 88 ಡಿಗ್ರಿಯ ಹತ್ತಿರ ಮಂಜಿನ ಮೇಲೆ ಇಳಿಯಬೇಕಾಯಿತು. ಮರುವರ್ಷ ಮೇ 11ಕ್ಕೆ ಅಮುಂಡ್ಸೆನ್, ಅಮೆರಿಕದ ಎಲ್ಸ್‌ವರ್ತ್, ಇಟಲಿಯ ನೋಬಿಲೆ ಸೇರಿ 16 ಜನ 'ನಾರ್ಗೆ' ವಾಯುನೌಕೆಯಲ್ಲಿ ಇಲ್ಲಿಂದ ಎದ್ದರು. ಮರುದಿನ ಧ್ರುವದ ಮೇಲಿದ್ದರು. 14ಕ್ಕೆ ಅಲಾಸ್ಕಾದಲ್ಲಿ ಇಳಿದರು. 1928ರಲ್ಲಿ ನೋಬಿಲೆ 'ಇಟಾಲಿಯಾ'ದಲ್ಲಿ ಇಲ್ಲಿಂದಲೇ ಹೋದರು. ವಾಪಸ್ ಬರುವಾಗ ಮೇ 25ರಂದು ಅದು ಮಂಜಿಗೆ ಅಪ್ಪಳಿಸಿತು. ಅವರನ್ನು ಹುಡುಕಲು ಜೂನ್ 18ರಂದು ಟ್ರೊಮ್ಸೊದಿಂದ ಹಾರಿದ ಅಮುಂಡ್ಸೆನ್ ಹಿಂದಿರುಗಲೇ ಇಲ್ಲ. ಕಂಬದ ಬುಡದಲ್ಲಿ ನಿಂತರೆ ಗಾಳಿಗೆ ಕಬ್ಬಿಣ ಸಣ್ಣಗೆ ಗುಂಯ್ ಅನ್ನುತ್ತದೆ. ಬೆನ್ನು ಬೆಟ್ಟಕ್ಕೆ ಮಾಡಿ ಉತ್ತರಕ್ಕೆ ನೋಡಿ. ಅವರು ಹೋದದ್ದು ಆ ಕಡೆಗೆ.

ನಾಲ್ಕನೆಯದು ಸಂಶೋಧನಾ ಕೇಂದ್ರಗಳು. ಗಣಿ ಮುಚ್ಚಿದ ಮೇಲೆ ಮನೆಗಳು ಹಾಗೇ ಉಳಿದವು, ವಿಜ್ಞಾನಿಗಳು ಬಂದರು. ನಾರ್ವೆ, ಜರ್ಮನಿ, ಫ್ರಾನ್ಸ್, ಬ್ರಿಟನ್, ಇಟಲಿ, ಕೊರಿಯಾ, ಚೀನಾ, ಎಲ್ಲರದ್ದೂ ಇದೆ. ಭಾರತದ ಹಿಮಾದ್ರಿ 2008ರ ಜುಲೈ 1ರಂದು ತೆರೆಯಿತು. ಊರಿನ ಹಿಂದಿನ ಝೆಪಲಿನ್ ಬೆಟ್ಟದ ಮೇಲೆ, 474 ಮೀಟರ್ ಎತ್ತರದಲ್ಲಿ, ಗಾಳಿಯನ್ನು ಅಳೆಯುವ ಕೇಂದ್ರ ಇದೆ.

ಪಾಲಿಸಬೇಕಾದ ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ಫೋನಿನ ವೈಫೈ, ಬ್ಲೂಟೂತ್ ಬಂದ್ ಮಾಡಿ. ಸೂಕ್ಷ್ಮ ರೇಡಿಯೊ ಉಪಕರಣಗಳಿಗೆ ತೊಂದರೆ ಆಗುತ್ತದೆ. ಊರಿನ ಗಡಿ ದಾಟುವಾಗ ಹಿಮಕರಡಿಗಾಗಿ ಬಂದೂಕು ಬಲ್ಲವರು ಜೊತೆಗಿರಲೇಬೇಕು. ಕರಡಿಯಿಂದ 300 ಮೀಟರ್ ದೂರ ಇರಬೇಕು, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. 1946ಕ್ಕಿಂತ ಹಿಂದಿನ ಯಾವ ವಸ್ತುವನ್ನೂ ಮುಟ್ಟಬೇಡಿ, ಎತ್ತಬೇಡಿ. ತುಕ್ಕು ಹಿಡಿದ ಮೊಳೆಯಾದರೂ ಸರಿ, ಕಾನೂನಿನ ಪ್ರಕಾರ ಅದು ಪರಂಪರೆ.

ಕೊನೆಗೆ ಎದುರು ದಡ

ಊರಿನ ಎದುರಿಗೆ ಕಾಣುವುದು ಬ್ಲೋಮ್‌ಸ್ಟ್ರಾಂಡ್‌ಹಾಲ್ವೋಯಾ. ಅದರ ಅಂಚಿನಲ್ಲಿ ನ್ಯೂ-ಲಂಡನ್ ಇದೆ. 1911ರಿಂದ ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಅನ್ನುವ ಇಂಗ್ಲಿಷಿನವನು ಇಲ್ಲಿ ಅಮೃತಶಿಲೆ ತೆಗೆಯಲು ಹೊರಟ. ಬಾಯ್ಲರ್, ಕ್ರೇನ್, ಹಳಿ ಎಲ್ಲ ಬಂತು. ಆದರೆ ಸಾವಿರಾರು ವರ್ಷ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿದ ಕಲ್ಲು ಒಳಗೊಳಗೇ ಬಿರಿದಿತ್ತು. ಬಂಡೆಯನ್ನು ಹತ್ತಿರದಿಂದ ನೋಡಿ, ಕೂದಲೆಳೆಯಷ್ಟು ತೆಳ್ಳಗಿನ ಬಿರುಕುಗಳು ಎಲ್ಲ ದಿಕ್ಕಿಗೂ ಹರಡಿವೆ. ಯಂತ್ರಗಳು ಇವತ್ತಿಗೂ ಅಲ್ಲೇ ತುಕ್ಕು ಹಿಡಿಯುತ್ತಿವೆ.

ಈಗ ಆ 'ಹಾಲ್ವೋಯಾ' ಪದಕ್ಕೆ ಬನ್ನಿ. ಟೊಪೊಸ್ವಾಲ್‌ಬಾರ್ಡ್‌ನಲ್ಲಿ 1936ರಲ್ಲಿ ವಿಮಾನದಿಂದ ತೆಗೆದ ಓರೆ ಫೋಟೋಗಳೂ ಇವೆ. ಆ ಫೋಟೋದಲ್ಲಿ ಬ್ಲೋಮ್‌ಸ್ಟ್ರಾಂಡ್ ಹಿಮನದಿ ಉತ್ತರದಿಂದ ಬಂದು ಈ ನೆಲವನ್ನು ಒತ್ತಿ ಹಿಡಿದಿದೆ. ಹೆಸರಿಟ್ಟವರಿಗೆ ಕಂಡದ್ದೂ ಹಾಗೇ, ಅದಕ್ಕೇ ಅರ್ಧ ದ್ವೀಪ ಅಂದರು. ಮಂಜು ಹಿಂದೆ ಸರಿಯುತ್ತಾ 1990ರ ದಶಕದಲ್ಲಿ ನಡುವೆ ನೀರು ಕಂಡಿತು. ನೆಲ ಪೂರ್ತಿ ದ್ವೀಪವಾಯಿತು. ಹೆಸರು ಮಾತ್ರ ಹಾಗೇ ಉಳಿದಿದೆ.

ಹೊರಡುವ ಹಿಂದಿನ ದಿನ ನಮ್ಮ ದೋಣಿ ಆ ಸಂದಿಯಲ್ಲಿ ಹೋಯಿತು. 1936ರ ಫೋಟೋ ನನ್ನ ತೊಡೆಯ ಮೇಲಿತ್ತು. ಅದರಲ್ಲಿ ಬಿಳಿ ಇರುವ ಜಾಗದಲ್ಲೇ ನಾವು ತೇಲುತ್ತಿದ್ದೆವು. ಮಂಜು ಬಿಟ್ಟುಕೊಟ್ಟ ಹೊಸ ನೀರಿನ ಆಳವನ್ನು ನಕ್ಷೆ ನಂಬಿ ಲೆಕ್ಕ ಹಾಕುವಂತಿಲ್ಲ, ಹಾಗಾಗಿ ದೋಣಿ ನಡೆಸುವವರು ವೇಗ ಪೂರ್ತಿ ತಗ್ಗಿಸಿದರು. ಆಳ ಅಳೆಯುವ ಯಂತ್ರದ ಅಂಕಿಗಳನ್ನು ನಾನು ಜೋರಾಗಿ ಓದಿ ಹೇಳುತ್ತಾ ಹೋದೆ, ಅವರು ಚುಕ್ಕಾಣಿ ತಿರುಗಿಸುತ್ತಾ ಹೋದರು.